ಫಲಜ್ ದಂಡೆಯಲ್ಲಿ ನೀರುಗಂಟಿಯ ಮಗಳು

ದಟ್ಟಗಳ್ಳಿಯಿಂದ

ಒಮಾನ್‌ಗೆ ಹೊರಟಿದ್ದೇನೆ ಎಂದಾಗ ಅಪ್ಪ ಮೊದಲು ಕೇಳಿದ್ದು, ಅಲ್ಲಿ ಕೆರೆ ಇದೆಯಾ ಎಂದು. ಇಲ್ಲ ಅಂದೆ. ಹೊಳೆ? ವರ್ಷವಿಡೀ ಹರಿಯುವಂಥದ್ದು ಅದೂ ಇಲ್ಲ. ಮಳೆ? ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಪ್ಪ ವೀಳ್ಯದೆಲೆಯ ತೊಟ್ಟು ಮುರಿದ.

“ನೀರೇ ಇಲ್ದಿರೋ ಊರ್ಗೆ ನೀರ್ ನೋಡಕ್ಕೆ ನಿನ್ನ ಯಾಕ್ ಕರುದ್ರು ಕೂಸೇ?”

ನನಗೂ ಅದೇ ಅನುಮಾನ ಇತ್ತು. ನಾನು ಅಂತರ್ಜಲ ವಿಜ್ಞಾನಿ. ಮೂವತ್ತಕ್ಕೂ ಹೆಚ್ಚು ವರ್ಷ ಮೈಸೂರು ಸೀಮೆಯ ಬಾವಿಗಳಿಗೆ ಟೇಪು ಇಳಿಬಿಟ್ಟು, ನೀರು ಎಷ್ಟು ಕೆಳಗೆ ಹೋಯಿತೆಂದು ಬರೆದು, ಅದನ್ನು ಉಳಿಸುವುದು ಹೇಗೆಂದು ವರದಿ ಮಾಡಿ, ಆ ವರದಿಗಳ ಮೇಲೆ ಧೂಳು ಕೂರುವುದನ್ನು ನೋಡಿ, ಎರಡು ವರ್ಷದ ಹಿಂದೆ ನಿವೃತ್ತಳಾದವಳು. ಅಪ್ಪ ಮೈಸೂರಿನ ದಟ್ಟಗಳ್ಳಿಯಲ್ಲಿ ನಮ್ಮ ಜೊತೆಯಲ್ಲೇ ಇದ್ದಾನೆ. ಎಂಬತ್ತು ದಾಟಿದೆ. ಪಕ್ಕದ ಮನೆಯ ಸಂಪು ತುಂಬಿ ರಸ್ತೆಗೆ ಹರಿದರೆ, ಗೇಟು ತೆಗೆದು ಒಳಗೆ ಹೋಗಿ ಅವರ ಮೋಟರ್ ಆರಿಸಿ ಬರುತ್ತಾನೆ. ಮೊದಮೊದಲು ಇದಕ್ಕೆ ಜಗಳವಾಗಿತ್ತು. ಈಗ ಆ ಮನೆಯವರು ಊರಿಗೆ ಹೋಗುವಾಗ ಕೀಲಿಯನ್ನು ಅವನ ಕೈಗೇ ಕೊಟ್ಟು ಹೋಗುತ್ತಾರೆ.

ಒಮಾನಿನ ಗುಡ್ಡಗಾಡಿನ ಹಳ್ಳಿಗಳಲ್ಲಿ ‘ಫಲಜ್’ ಎಂಬ ಕಾಲುವೆಗಳಿವೆ. ಬೆಟ್ಟದ ಬುಡದಲ್ಲಿ ಒಂದು ಆಳದ ತಾಯಿಬಾವಿ. ಅಲ್ಲಿಂದ ನೆಲದೊಳಗೇ ಸುರಂಗ ತೋಡಿ, ಮೋಟರಿಲ್ಲದೆ, ಬರೀ ಇಳಿಜಾರಿನ ಉಪಾಯದಿಂದ ನೀರನ್ನು ಊರಿಗೆ ತಂದಿದ್ದಾರೆ. ಅಂಥ ಹಳ್ಳಿಯೊಂದರ ವರದಿಗೆ ಹೊರಗಿನ ತಜ್ಞರೊಬ್ಬರ ರುಜು ಬೇಕಿತ್ತು. ಕರಡು ಆಗಲೇ ಸಿದ್ಧವಾಗಿತ್ತು. ವಿಮಾನದಲ್ಲಿ ಅದನ್ನು ಓದುತ್ತಾ ಹೋದೆ. ಅಚ್ಚುಕಟ್ಟಾದ ಕೆಲಸ. ಕವಲುಗಳಿಗೆ ಹೊತ್ತಿಗೆ ಸರಿಯಾಗಿ ತಾನಾಗಿ ತೆರೆದು ಮುಚ್ಚುವ ವಿದ್ಯುತ್ ಗೇಟು, ಅದಕ್ಕೊಂದು ಮಾಪಕ. ಕೊನೆಯ ಪುಟದಲ್ಲಿ ಒಂದು ವಾಕ್ಯ ಇತ್ತು: ನೀರು ಹಂಚುವವರ ಹುದ್ದೆ ಇನ್ನು ಮುಂದೆ ಅಗತ್ಯವಿಲ್ಲ.

ನಾನು ಹಾಳೆ ಮಗುಚಿಟ್ಟೆ. ಈ ವಾಕ್ಯವನ್ನು ಒಮ್ಮೆ ನಾನೇ ಬರೆದಿದ್ದೆ, ಕನ್ನಡದಲ್ಲಿ. ಅದರಿಂದ ಕೆಲಸ ಕಳೆದುಕೊಂಡವನು ನನ್ನ ಅಪ್ಪ.

ಮಸ್ಕತ್: ಸುದ್ದಿ ಏನು?

ನನ್ನನ್ನು ಕರೆದೊಯ್ಯಲು ಬಂದ ಡ್ರೈವರ್ ಹಮೀದ್ ಬಂಟ್ವಾಳದ ಕಡೆಯವರು. ಇಪ್ಪತ್ತು ವರ್ಷದಿಂದ ಅಲ್ಲಿದ್ದಾರೆ, ಅರಬಿ ನೀರು ಕುಡಿದಂತೆ ಮಾತಾಡುತ್ತಾರೆ. ನನ್ನ ಪುಣ್ಯ, ಕನ್ನಡವನ್ನೂ ಬಿಟ್ಟಿರಲಿಲ್ಲ. ಒಂದು ವಾರ ನಾನು ಕೇಳಿದ ಅರಬಿಯೆಲ್ಲ ನನ್ನ ಕಿವಿಗೆ ಬಂಟ್ವಾಳದ ಕನ್ನಡವಾಗಿಯೇ ಬಿತ್ತು. ಈಗಲೂ ಒಮಾನಿನ ಜನ ಮನೆಯಲ್ಲಿ “ಉಂಟು ಮಾರಾಯ್ರೇ” ಎನ್ನುತ್ತಾರೆಂದೇ ಅನ್ನಿಸುತ್ತದೆ.

ಕಚೇರಿಯಲ್ಲಿ ನನ್ನನ್ನು ಬರಮಾಡಿಕೊಂಡವರು ಆ ಯೋಜನೆಯ ಮುಖ್ಯಸ್ಥರು, ನನ್ನ ಮಗನ ವಯಸ್ಸಿನ ಅಧಿಕಾರಿ, ಬಹಳ ಮರ್ಯಾದಸ್ಥ. ಕೂತ ಕೂಡಲೇ ನಿಮ್ಮ ಕಡೆಯ ಸುದ್ದಿ ಏನು ಎಂದು ಕೇಳಿದರು. ಕೇಳಿದ್ದಾರಲ್ಲ ಎಂದು ನಾನು ಶುರುಮಾಡಿದೆ. ಕಾವೇರಿ ಕಣಿವೆಯಲ್ಲಿ ಈ ಸಲ ಮುಂಗಾರು ತಡವಾದದ್ದು, ಕಬಿನಿಯ ಒಳಹರಿವು, ಶ್ರೀರಾಂಪುರದ ಕಡೆ ಬೋರ್‌ವೆಲ್‌ಗಳು ಬತ್ತಿದ್ದು. ಎಲ್ಲರೂ ತಾಳ್ಮೆಯಿಂದ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಹಮೀದ್ ನಗು ತಡೆದುಕೊಂಡು ತಿಳಿಸಿದ್ದೇನೆಂದರೆ, ಇಲ್ಲಿ ಸುದ್ದಿ ಕೇಳಿದರೆ ಎಲ್ಲ ಕ್ಷೇಮ, ಹೊಸತೇನೂ ಇಲ್ಲ ಎನ್ನಬೇಕಂತೆ, ಮನೆ ಹೊತ್ತಿ ಉರಿಯುತ್ತಿದ್ದರೂ. ನಮ್ಮಲ್ಲಿ ಊಟ ಆಯ್ತಾ ಎಂದರೆ ಯಾರಾದರೂ ಸಾರಿಗೆ ಏನೇನು ಹಾಕಿದ್ದೆ ಎಂದು ಹೇಳುತ್ತಾರೆಯೇ? ನಾನು ಹೇಳಿಬಿಟ್ಟಿದ್ದೆ.

ಕಾಫಿಯಲ್ಲೂ ಎಡವಿದೆ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿಯ ಕಹಿ ಕಾಫಿ. ಹಾಲಿಲ್ಲ, ಸಕ್ಕರೆಯಿಲ್ಲ, ಪಕ್ಕದಲ್ಲಿ ಖರ್ಜೂರ. ಖಾಲಿ ಮಾಡಿ ಕೆಳಗಿಟ್ಟರೆ ಮತ್ತೆ ತುಂಬುತ್ತಾರೆ. ಸಾಕಾದರೆ ಬಟ್ಟಲನ್ನು ಕೈಯಲ್ಲಿ ಅಲುಗಾಡಿಸಿ ಕೊಡಬೇಕಂತೆ. ಅದು ಗೊತ್ತಾಗುವಷ್ಟರಲ್ಲಿ ಏಳು ಬಟ್ಟಲು ಒಳಗಿಳಿದಿತ್ತು. ಮೈಸೂರಿನ ಫಿಲ್ಟರ್ ಕಾಫಿಯನ್ನು ನೆನೆದು ಕಣ್ಣು ತುಂಬಿ ಬಂತು.

ಬೆಟ್ಟದ ದಾರಿ

ನಿಜ್ವಾ ಪಟ್ಟಣ ದಾಟಿದ ಮೇಲೆ ಎರಡೂ ಕಡೆ ಬೋಳು ಬೆಟ್ಟಗಳು. ಒಂದು ಹುಲ್ಲುಕಡ್ಡಿಯೂ ಇಲ್ಲದ ಕಲ್ಲು. ಅಂಥಲ್ಲಿ ನನಗೆ ನೆನಪಾದದ್ದು, ಇಲವಾಲದಾಚೆಯ ನಮ್ಮೂರಿನ ಕೆರೆ ಏರಿ.

ಅಪ್ಪ ಆ ಕೆರೆಯ ನೀರುಗಂಟಿ. ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಯಾವಾಗ ಎಷ್ಟು ಎಂದು ಬಿಡುವುದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ. ಊರಿನ ದೊಡ್ಡ ಮನೆಗಳ ಜಗಲಿ ಹತ್ತುವ ಹಾಗಿರಲಿಲ್ಲ ನಮ್ಮವರು. ಆದರೆ ಆ ಮನೆಗಳ ಗದ್ದೆಗೆ ನೀರು ಹತ್ತಬೇಕಾದರೆ ಅಪ್ಪನೇ ಗುದ್ದಲಿ ಎತ್ತಬೇಕಿತ್ತು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನಾನೂ ಅವನ ಹಿಂದೆ ಏರಿಯ ಮೇಲೆ ಓಡುತ್ತಿದ್ದೆ. ಕಾಲುವೆಯ ತಣ್ಣನೆ ಕೆಸರು, ಕಪ್ಪೆಗಳ ಗದ್ದಲ, ಅಪ್ಪನ ಹೆಗಲ ಮೇಲಿನ ಕಂಬಳಿಯ ವಾಸನೆ. ನೀರಿನಲ್ಲಿ ಕಾಲಿಟ್ಟು, ಹರಿಯುವ ರಭಸ ಇಷ್ಟಿದೆ, ಮಧ್ಯಾಹ್ನದ ಹೊತ್ತಿಗೆ ಇಂಥವರ ಗದ್ದೆ ಮುಟ್ಟುತ್ತದೆ ಎಂದು ಹೇಳಿಬಿಡುತ್ತಿದ್ದ. ಮುಟ್ಟುತ್ತಿತ್ತು. ಮುಂದೆ ನಾನು ಅದನ್ನೇ ಲೆಕ್ಕ ಹಾಕಿ ಹೇಳುವ ವಿದ್ಯೆ ಕಲಿತೆ. ನನ್ನ ಲೆಕ್ಕ ಎಷ್ಟೋ ಸಲ ತಪ್ಪಿದೆ.

ಕೆಲಸಕ್ಕೆ ಸೇರಿದ ವರ್ಷ, ಮೈಸೂರಿನ ಕಚೇರಿಯಲ್ಲಿ ಒಂದು ಸಭೆ. ನಮ್ಮೂರಿನ ಕೆರೆಯ ತೂಬಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿಯುವುದೆಂದು ಆಗಿತ್ತು. ನೀರುಗಂಟಿಯನ್ನೂ ಕರೆಸಿದ್ದರು. ಎಲ್ಲರಿಗಿಂತ ಚಿಕ್ಕವಳಾದ್ದರಿಂದ ನಡಾವಳಿ ಬರೆಯುವುದು ನನ್ನ ಪಾಲಿಗೆ ಬಿತ್ತು. ಅಪ್ಪ ಬಾಗಿಲ ಬಳಿ ನಿಂತಿದ್ದ. ನನ್ನನ್ನು ನೋಡಿದ. ನೋಡದವನಂತೆ ಕಣ್ಣು ಬೇರೆ ಕಡೆ ತಿರುಗಿಸಿದ. ಅವನ ಮಗಳೆಂದು ಗೊತ್ತಾದರೆ ನನಗೆಲ್ಲಿ ಮರ್ಯಾದೆ ಕಡಿಮೆಯಾಗುತ್ತದೋ ಎಂದು. ನಾನೂ ತಲೆ ತಗ್ಗಿಸಿಕೊಂಡು, ಮೇಲಿನವರು ಹೇಳಿದಂತೆ ಬರೆದೆ: ನೀರುಗಂಟಿ ಹುದ್ದೆ ಇನ್ನು ಮುಂದೆ ಅಗತ್ಯವಿಲ್ಲ. ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಅಪ್ಪ ಇಲ್ಲ ಸ್ವಾಮಿ ಅಂದ. ಹೆಬ್ಬೆಟ್ಟು ಒತ್ತಲು ಮಸಿಯ ಡಬ್ಬಿಯನ್ನು ಅವನ ಮುಂದೆ ಸರಿಸಿದವಳು ನಾನೇ. “ಒತ್ಲಾ ಅಮ್ಮಾವ್ರೆ?” ಎಂದು ನನ್ನನ್ನು ಕೇಳಿದ. ಹೂಂ ಅಂದೆ. ಕಾರ್ಬನ್ ಪ್ರತಿಯೊಂದನ್ನು ಅವನ ಕೈಗೆ ಕೊಟ್ಟು ಕಳಿಸಿದರು.

ಆ ಸಭೆಯ ಮಾತನ್ನು ಅಂದಿನಿಂದ ಇಂದಿನವರೆಗೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಂದೆಯ ಉದ್ಯೋಗ ಎಂದು ಕೇಳುವ ಕಡೆಯೆಲ್ಲ ನಾನು ವ್ಯವಸಾಯ ಎಂದು ತುಂಬುತ್ತಾ ಬಂದೆ.

ಹಳ್ಳಿ, ಮೊದಲ ದಿನ

ತಿರುವು ಕಳೆದದ್ದೇ ತಡ, ಬೋಳು ಕಲ್ಲಿನ ನಡುವೆ ಹಸಿರು. ಖರ್ಜೂರದ ತೋಟಗಳು, ಅವುಗಳ ನೆರಳಲ್ಲಿ ನಿಂಬೆ, ಕುದುರೆಮೆಂತ್ಯದ ಪಾತಿ. ನಡುವೆ ಸೊಂಟದಗಲದ ಕಾಲುವೆಯಲ್ಲಿ ಸ್ಫಟಿಕದಂಥ ನೀರು. ಊರಿಗೆ ಬಂದ ನೀರನ್ನು ಮೊದಲು ಕುಡಿಯಲು ಹಿಡಿಯಬೇಕು, ಅಲ್ಲಿ ಯಾರೂ ಕೈ ಕೂಡ ತೊಳೆಯುವ ಹಾಗಿಲ್ಲ. ಆಮೇಲೆ ಮಸೀದಿ, ಆಮೇಲೆ ಸ್ನಾನದ ಕಟ್ಟೆಗಳು, ಕೊನೆಗೆ ತೋಟ. ಈ ಕ್ರಮವನ್ನು ಎಲ್ಲೂ ಹಲಗೆಯಲ್ಲಿ ಬರೆದು ಹಾಕಿಲ್ಲ. ನಮ್ಮಲ್ಲಿ ‘ಇಲ್ಲಿ ಪಾತ್ರೆ ತೊಳೆಯಬಾರದು’ ಎಂಬ ಹಲಗೆಯ ಬುಡದಲ್ಲೇ ತೊಳೆಯುವುದನ್ನು ನೋಡಿ ಬೆಳೆದವಳಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನೀರು ಹಂಚುವವರ ಹೆಸರು ಸೈಫ್. ಅರವತ್ತು ದಾಟಿದ, ಬಿಳಿ ನಿಲುವಂಗಿಯ, ತೆಳ್ಳನೆಯ ಮನುಷ್ಯ. ಬಯಲಲ್ಲಿ ಒಂದು ಗಳು ನೆಟ್ಟಿದ್ದಾರೆ. ಅದರ ನೆರಳು ಬೀಳುವ ಕಡೆ ಸಾಲಾಗಿ ಕಲ್ಲುಗಳು. ನೆರಳು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿದರೆ ಒಬ್ಬರ ಪಾಳಿ ಮುಗಿದು ಇನ್ನೊಬ್ಬರದು ಶುರು. ಸೈಫ್ ಕೈಗಡಿಯಾರವನ್ನೂ ಕಟ್ಟಿದ್ದರು. ಅದು ಯಾಕೆ ಎಂದು ಕೇಳಿದೆ. ಪಟ್ಟಣದವರು ಬಂದಾಗ ತೋರಿಸಲು ಎಂದು ಹಮೀದ್ ತರ್ಜುಮೆ ಮಾಡಿದರು. ನಾನು ನಕ್ಕೆ, ಸೈಫ್ ನಗಲಿಲ್ಲ. ನಾನು ಯಾಕೆ ಬಂದಿದ್ದೇನೆಂದು ಅವರಿಗೆ ಗೊತ್ತಿತ್ತು. ಆದರೂ ಇಡೀ ದಿನ ನನ್ನ ಜೊತೆ ನಡೆದು, ಒಂದೊಂದು ಕವಲನ್ನೂ ತೋರಿಸಿ, ಊಟ ಹಾಕಿಸಿ ಕಳಿಸಿದರು.

ಎರಡನೆಯ ದಿನ

ಬೆಳಿಗ್ಗೆ ಒಬ್ಬಳೇ ಕಾಲುವೆ ಗುಂಟ ನಡೆದೆ. ಒಂದು ಕವಲಿನ ಬಾಯಿಗೆ ಚಪ್ಪಟೆ ಕಲ್ಲು ಇಟ್ಟು, ಸುತ್ತ ಹಳೆ ಬಟ್ಟೆ ತುರುಕಿದ್ದರು. ಅದರ ಎಡ ಮೂಲೆಯಿಂದ ಕಿರುಬೆರಳಿನಷ್ಟು ನೀರು ಸೋರಿ, ಒಂದು ಗೋಡೆಯ ಬುಡಕ್ಕೆ ಜಾರುತ್ತಿತ್ತು.

ನೀರುಗಂಟಿಯ ಮನೆಯಲ್ಲಿ ಹುಟ್ಟಿದವರಿಗೆ ಸೋರುವ ಮಡೆಯನ್ನು ನೋಡಿ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ. ಅದು ನಮ್ಮ ಮನೆಯ ಮಟ್ಟಿಗೆ ಮಾನ ಹೋಗುವ ಸಂಗತಿ. ಸೀರೆ ಎತ್ತಿ ಕಟ್ಟಿ ಕೂತೆ. ಮಣ್ಣಿಗೆ ಒಣಹುಲ್ಲು ಸೇರಿಸಿ ಕಲಸಿದೆ. ಆಚೆಯಿಂದ ಮೆತ್ತಿದರೆ ನೀರು ತಳ್ಳಿಬಿಡುತ್ತದೆ, ನೀರಿರುವ ಕಡೆಯಿಂದ ಮೆತ್ತಿದರೆ ಆ ನೀರೇ ಮಣ್ಣನ್ನು ಒತ್ತಿ ಹಿಡಿಯುತ್ತದೆ. ಏಳು ವರ್ಷದವಳಿದ್ದಾಗ ಕಲಿತದ್ದು. ಹಾಗೇ ಮಾಡಿದೆ. ಸೋರಿಕೆ ನಿಂತಿತು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಉಳಿಸಿದ ನೀರನ್ನು ಕಣ್ಣಾರೆ ಕಂಡದ್ದು ಅದೊಂದೇ ಸಲ ಇರಬೇಕು. ಕೆಸರುಗೈ ತೊಳೆಯಲು ಮನಸ್ಸೇ ಬರಲಿಲ್ಲ.

ಮಧ್ಯಾಹ್ನ ಹಮೀದ್ ಬಂದು ಸೈಫ್ ಏನನ್ನೋ ಹುಡುಕುತ್ತಿದ್ದಾರೆ ಎಂದರು. ಹೋಗಿ ನೋಡಿದರೆ ಅವರು ಅದೇ ಕವಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಮಣ್ಣಿನ ಮೆತ್ತೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು.

“ಯಾರೋ ಕೆಲಸ ಗೊತ್ತಿದ್ದವರೇ ಮುಚ್ಚಿದ್ದಂತೆ ಮೇಡಂ” ಅಂದರು ಹಮೀದ್. “ಆದ್ರೆ ಊರಿನವರಲ್ಲ. ಊರಿನವರು ಇದನ್ನು ಮುಚ್ಚುದಿಲ್ಲ ಅಂತೆ.”

ನಾನೇ ಎಂದು ಒಪ್ಪಿಕೊಂಡೆ. ಸೈಫ್ ಬೈಯಲಿಲ್ಲ. ಮಣ್ಣನ್ನು ಬೆರಳಿನಿಂದ ಬಿಡಿಸಿ, ಬಾ ಎಂದು ಕೈಸನ್ನೆ ಮಾಡಿ, ಗೋಡೆಯಾಚೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಅಂಗಳ. ಮೂರು ನಿಂಬೆ ಗಿಡ, ಒಂದು ಆಡು, ಕಣ್ಣು ಕಾಣದ ಒಬ್ಬ ಮುದುಕಿ. ಹೆಸರು ಸಲ್ಮಾ. ಆಕೆ ನೆಲದಲ್ಲಿ ಕೂತು, ಒಣಗಿದ ತೋಡಿನಲ್ಲಿ ಅಂಗೈ ಇಟ್ಟುಕೊಂಡಿದ್ದಳು. ಬೆಳಿಗ್ಗೆಯಿಂದ ಹಾಗೇ ಕೂತಿದ್ದಾಳಂತೆ. ನಾವು ನೋಡುತ್ತಿದ್ದಂತೆ ನೀರು ಮೆಲ್ಲಗೆ ಬಂದು ಆ ಅಂಗೈ ಮುಟ್ಟಿತು. ಆಕೆ ಒದ್ದೆ ಕೈಯನ್ನು ಮುಖಕ್ಕೆ ಒತ್ತಿಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆಕೆಯ ಗಂಡ ಕಾಯಿಲೆ ಬಿದ್ದಾಗ ತನ್ನ ನೀರಿನ ಪಾಲನ್ನೆಲ್ಲ ಮಾರಿಕೊಂಡಿದ್ದನಂತೆ. ನೆರಳಿನ ಕಲ್ಲುಗಳಲ್ಲಿ ಈಗ ಆಕೆಯ ಹೆಸರಿಗೆ ಒಂದೂ ಇಲ್ಲ. ಕಟ್ಟಳೆಯ ಪ್ರಕಾರ ಆಕೆಗೆ ನೀರಿಲ್ಲ. ಹಾಗಾಗಿ ಕಲ್ಲಿನ ಎಡ ಮೂಲೆಯನ್ನು ಸೈಫ್ ಸರಿಯಾಗಿ ಮುಚ್ಚುವುದಿಲ್ಲ. ಅದು ಇಡೀ ಊರಿಗೆ ಗೊತ್ತು. ಇಪ್ಪತ್ತು ವರ್ಷದಿಂದ ಒಬ್ಬರೂ ಅದರ ಮಾತೆತ್ತಿಲ್ಲ.

ಇದನ್ನೇ ವರದಿಯಲ್ಲಿ ಬರೆಯುತ್ತೇನೆ ಅಂದೆ. ವಿದ್ಯುತ್ ಗೇಟು ಸೋರುವುದಿಲ್ಲ, ಅದಕ್ಕೇ ಮನುಷ್ಯ ಬೇಕು, ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು? ಹಮೀದ್ ತರ್ಜುಮೆ ಮಾಡುತ್ತಿದ್ದಂತೆ ಸೈಫ್ ಮುಖ ಗಂಭೀರವಾಯಿತು.

“ಬರೀಬಾರದಂತೆ ಮೇಡಂ. ಬರೆದರೆ ಅದು ಕಳ್ಳತನ ಆಗ್ತದೆ. ಪಾಲಿದ್ದವರೆಲ್ಲ ಕಾಗದದಲ್ಲಿ ನೋಡಿದ ಮೇಲೆ ಸುಮ್ಮನಿರ್ಲಿಕ್ಕೆ ಆಗುದಿಲ್ಲ. ಅವರ ಕೆಲಸ ಹೋದ್ರೂ ಅಡ್ಡಿಯಿಲ್ಲ, ಇದನ್ನು ಬರೀಬೇಡಿ ಅಂತಾರೆ.”

ಮಾತು ಕೊಟ್ಟೆ. ಹೊರಡುವಾಗ ಸೈಫ್ ಒಂದು ಪ್ರಶ್ನೆ ಕೇಳಿದರು: ಮಣ್ಣು ಮೆತ್ತುವುದನ್ನು ನಿಮಗೆ ಕಲಿಸಿದವರು ಯಾರು? ಹಮೀದ್ ನನ್ನ ಉತ್ತರಕ್ಕೆ ಕಾದು ನಿಂತರು. ಊರಲ್ಲಿ ಯಾರೋ ಮಾಡುವುದನ್ನು ನೋಡಿದ್ದೆ ಅಂದೆ. ಕೈಯಲ್ಲಿ ಇನ್ನೂ ಕೆಸರಿತ್ತು, ಬಾಯಿ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಕಾರಿನಲ್ಲಿ ಕೂತ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮತ್ತೆ ಮಸ್ಕತ್

ರುಜುವಿನ ದಿನ. ಉದ್ದನೆಯ ಮೇಜು, ಖರ್ಜೂರ, ಕಾಫಿ. ಸುದ್ದಿ ಏನು ಎಂದರು. ಎಲ್ಲ ಕ್ಷೇಮ, ಹೊಸತೇನೂ ಇಲ್ಲ ಅಂದೆ. ಅಧಿಕಾರಿಗೆ ಖುಷಿಯಾಯಿತು.

ಮಾಪಕ ಬೇಕು, ತಾಯಿಬಾವಿಯ ಮೇಲುಗಡೆ ಬೋರ್‌ವೆಲ್ ಕೊರೆಯುವುದನ್ನು ತಡೆಯಬೇಕು, ಅದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ಆದರೆ ಕೊನೆಯ ಪುಟದ ಆ ವಾಕ್ಯವಿದ್ದರೆ ರುಜು ಹಾಕಲಾರೆ ಎಂದೆ. ಅವರು ಮೆಲ್ಲನೆ ಕಾರಣ ಕೇಳಿದರು. ಗೇಟಿನಲ್ಲಿ ದೋಷವಿದೆಯೇ? ಇಲ್ಲ. ಸೈಫ್ ಹಂಚುವುದಕ್ಕಿಂತ ಗೇಟು ಹೆಚ್ಚು ಕರಾರುವಾಕ್ಕಲ್ಲವೇ? ಹೌದು. ಮತ್ತೇಕೆ? ಸಲ್ಮಾ ಅಜ್ಜಿಯ ಮೂರು ನಿಂಬೆ ಗಿಡ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಗುಟ್ಟು ಹೇಳುವ ಹಾಗಿಲ್ಲ. ಹೇಳಬಹುದಾದ ಗುಟ್ಟು ನನ್ನದೊಂದೇ ಉಳಿದಿತ್ತು.

“ನಮ್ಮಪ್ಪ ಇದೇ ಕೆಲಸ ಮಾಡ್ತಿದ್ದ. ಅವನ ಕೆಲಸ ತೆಗೆದ ಕಾಗದ ಬರೆದವಳು ನಾನು” ಎಂದು ಕನ್ನಡದಲ್ಲೇ ಬಾಯಿಂದ ಬಂತು. ಮೂಲೆಯಲ್ಲಿ ಕೂತಿದ್ದ ಹಮೀದ್ ತಲೆಯೆತ್ತಿ ನೋಡಿದರು. ನಾನು ಮತ್ತೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕಬ್ಬಿಣದ ಗೇಟು ಬಂದದ್ದು, ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬೀಗ ತುಕ್ಕು ಹಿಡಿದದ್ದು, ಕೀಲಿ ಯಾರ ಹತ್ತಿರ ಇದೆಯೆಂದು ಯಾರಿಗೂ ತಿಳಿಯದೆ ಹೋದದ್ದು, ಕಾಲುವೆಯ ಕೊನೆಯ ಗದ್ದೆಗಳು ಮೊದಲು ಒಣಗಿ ಆಮೇಲೆ ಸೈಟುಗಳಾದದ್ದು. ಗೇಟಿಗೆ ಹೊತ್ತು ತಿಳಿಯುತ್ತದೆ, ಊರು ತಿಳಿಯುವುದಿಲ್ಲ ಅಂದೆ. ಇದು ವಿಜ್ಞಾನವಲ್ಲ ಎಂದು ನನಗೂ ಗೊತ್ತಿತ್ತು.

ಅಧಿಕಾರಿ ವರದಿಯ ಕೊನೆಯ ಪುಟ ತೆರೆದರು. ಆಮೇಲೆ ಪೆನ್ನನ್ನು ನನ್ನ ಕಡೆ ಸರಿಸಿದರು. ಆ ವಾಕ್ಯವನ್ನು ಹೊಡೆದು ಹಾಕಿ, ಪಕ್ಕದಲ್ಲಿ ಚಿಕ್ಕ ರುಜು ಹಾಕಿದೆ. ಆ ಹಳ್ಳಿಯಲ್ಲಿ ಮಾಪಕ ಮಾತ್ರ ಇಡುತ್ತೇವೆ, ಸೈಫ್ ಇರುವಷ್ಟು ದಿನ ಗೇಟು ಬೇಡ, ಮುಂದಿನದು ದೇವರಿಚ್ಛೆ ಎಂದರು. ನಮ್ಮ ಕಚೇರಿಗಳಲ್ಲಿ ‘ನೋಡೋಣ’ ಎನ್ನುವುದಕ್ಕೂ ಇದಕ್ಕೂ ಎಷ್ಟು ಅಂತರವೋ ನನಗೆ ತಿಳಿಯದು. ಕಾಫಿ ಬಟ್ಟಲನ್ನು ಅಲುಗಾಡಿಸಿ ಕೊಟ್ಟೆ.

ಹೊರಗೆ ಬಂದ ಮೇಲೆ ಹಮೀದ್ ಹಳ್ಳಿಗೆ ಫೋನು ಮಾಡಿ ಸೈಫ್‌ಗೆ ವಿಷಯ ತಿಳಿಸಿದರು. ಅವರು ಏನೆಂದರು ಎಂದು ಕೇಳಿದೆ. ನಿಮ್ಮ ತಂದೆ ಇದ್ದಾರಾ, ಇದ್ದರೆ ಸಲಾಂ ಹೇಳಬೇಕಂತೆ ಎಂದರು.

ಹೊರಡುವ ಬೆಳಿಗ್ಗೆ

ಸಲಾಮು ಮುಟ್ಟಿಸಲೇಬೇಕಿತ್ತು. ಹೋಟೆಲಿನ ಕೋಣೆಯಿಂದ ಮನೆಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಗಂಡ ಫೋನನ್ನು ಅಪ್ಪನ ಮುಂದೆ ಹಿಡಿದರು. ಅರ್ಧ ಹಣೆ, ಒಂದು ಕಿವಿ ಕಂಡಿತು.

ಸೈಫ್ ವಿಷಯ ಹೇಳಿದೆ. ನೆರಳಿನ ಗಡಿಯಾರದ ಬಗ್ಗೆ ಎರಡೆರಡು ಸಲ ಕೇಳಿ ತಿಳಿದುಕೊಂಡ. ಸೋರಿಕೆ ಮುಚ್ಚಿದ್ದನ್ನು ಹೇಳಿದಾಗ ಸಿಟ್ಟಾದ. ಇನ್ನೊಬ್ಬನ ಕಾಲುವೆಗೆ ಕೇಳದೆ ಕೈ ಹಾಕುವುದನ್ನು ನಾನು ಕಲಿಸಿದ್ದೇನಾ ಎಂದು ಗದರಿಸಿದ. ಅರವತ್ತೆರಡು ವರ್ಷದವಳು ತಪ್ಪಾಯಿತು ಅಂದೆ. ಆಮೇಲೆ, ಇಷ್ಟು ದೂರ ಬಂದದ್ದಕ್ಕೋ ಏನೋ, ಎದುರಿಗೆ ಕೂತು ಹೇಳಲಾಗದ್ದು ಬಾಯಿಗೆ ಬಂತು.

“ಅಪ್ಪ, ಅವತ್ತು ಆಫೀಸಲ್ಲಿ ನಿನ್ನ ಕೆಲಸ ತೆಗೆದ್ರಲ್ಲ. ಆ ಕಾಗದ ಬರೆದದ್ದು ನಾನು.”

“ಗೊತ್ತು ಬುಡು. ನೀನೇ ತಾನೆ ಎದ್ರುಗ್ ಕುಂತು ಬರೀತಿದ್ದೆ.”

“ಅದ್ರಲ್ಲಿ ಏನಿತ್ತು ಅಂತ ಗೊತ್ತಾ?”

“ಈಚೆಗ್ ಬಂದು ಆಫೀಸ್ ಜವಾನನ್ ಕೈಲಿ ಓದುಸ್ದೆ. ನೀರುಗಂಟಿ ಬ್ಯಾಡ ಅಂತಿತ್ತು.”

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅಪ್ಪ ಫೋನನ್ನು ನನ್ನ ಗಂಡನ ಕೈಯಿಂದ ತೆಗೆದುಕೊಂಡು ಹತ್ತಿರ ಹಿಡಿದ. ಪರದೆಯ ತುಂಬ ಅವನ ಮುಖ ಬಂತು. ನಗುತ್ತಿದ್ದ.

“ಓದ್ಬುಟ್ಟು ಆ ಜವಾನ ಏನಂದ ಗೊತ್ತಾ ಕೂಸೇ? ಯಾರ್ ಬರ್ದವ್ರೋ ಕಣಯ್ಯ, ಅಕ್ಸರ ಮುತ್ತ್ ಪೋಣುಸ್ದಂಗವೆ ಅಂದ. ನನ್ ಮಗ್ಳು ಅಂತ ಬಾಯ್ಗೇ ಬಂದಿತ್ತು, ತಡ್ಕಂಡೆ. ಬಸ್ಸಲ್ಲಿ ಊರ್ ಬರೋಗಂಟ ಆ ಕಾಗ್ದಾನೇ ನೋಡ್ಕಂಡಿದ್ದೆ.”